ಅಂಟು ಸೀಳುವವಳು

‘ಟಕ್’ ಎಂದಿತು, ಅಷ್ಟೇ.

ಕೊಡತಿ ಎತ್ತಿದ ಅವಳ ಕೈ ಗಾಳಿಯಲ್ಲೇ ನಿಂತಿತು. ಅಂಟಿಸಿದ ಹಲಗೆಗಳ ಒಳ್ಳೆಯ ತುಂಡು ಹೀಗೆ ಸುಮ್ಮನೆ ಬಾಯಿ ಬಿಡುವುದಿಲ್ಲ. ಉಳಿ ಪದರಗಳ ನಡುವೆ ಇಳಿದಂತೆ ಅದು ಚೀರುತ್ತದೆ, ನಾರು ನಾರಾಗಿ ಹರಿಯುತ್ತದೆ, ಸಿಬಿರು ಎದ್ದು ಮುಖಕ್ಕೆ ಬಡಿಯುತ್ತದೆ. ಏಟಿನ ಮೇಲೆ ಏಟು ಬಿದ್ದರೂ ಹಟ ಹಿಡಿದು, ಕೊನೆಗೆ ತನ್ನ ಮಾಂಸವನ್ನೇ ಹರಿದುಕೊಂಡು ಸೀಳುತ್ತದೆ. ಮರ ಹರಿಯಬೇಕು, ಅಂಟು ಬಿಡಬಾರದು. ಅವಳ ಕಸುಬಿನಲ್ಲಿ ಕಲಿಯಬೇಕಾದದ್ದು ಅದೊಂದೇ. ಇವತ್ತಿನ ತುಂಡು ಮಾತ್ರ ಡಬ್ಬಿಯ ಮುಚ್ಚಳ ತೆಗೆದಂತೆ ಒಂದೇ ಏಟಿಗೆ ಎರಡಾಗಿ ಮೇಜಿನ ಮೇಲೆ ಅಂಗಾತ ಬಿತ್ತು.

ಬಾಗಿಲಲ್ಲಿ ನಿಂತಿದ್ದ ತಮ್ಮನಿಗೂ ಆ ಸದ್ದು ಕೇಳಿತು.

“ಹಸಿ ಮರ,” ಎಂದ ಅವನು, ಅವಳು ತಲೆ ಎತ್ತುವ ಮೊದಲೇ. “ಹಲಗೆ ಒಣಗಿಸೋ ಆ ಮುದುಕ ಹಸೀದೇ ಕೊಟ್ಟಿದಾನೆ. ನಂಗೊತ್ತಿತ್ತು.”

“ತಡಿಯೋ, ನಾನಿನ್ನೂ ನೋಡೇ ಇಲ್ಲ.”

“ನೋಡೋದೇನಿದೆ ಅದ್ರಲ್ಲಿ?” ಬಾಗಿಲು ಗೋಡೆಗೆ ಬಡಿಯುವಂತೆ ತಳ್ಳಿ ಅವನು ಅಂಗಳದ ಕಡೆಗೆ ಓಡಿದ.

ಕಾರ್ಖಾನೆಯಲ್ಲಿ ಅವಳನ್ನು ಎಲ್ಲರೂ ಉಳಿಯಕ್ಕ ಎಂದೇ ಕರೆಯುತ್ತಿದ್ದರು. ಅಲ್ಲಿ ತಯಾರಾಗುತ್ತಿದ್ದದ್ದು ಮರದ ಚಪ್ಪಡಿಗಳು. ಹಲಗೆಗಳನ್ನು ಒಂದು ಸಾಲು ಉದ್ದಕ್ಕೆ, ಅದರ ಮೇಲೊಂದು ಸಾಲು ಅಡ್ಡಕ್ಕೆ ಜೋಡಿಸಿ, ನಡುನಡುವೆ ಅಂಟು ಸುರಿದು, ಲಾರಿಯಷ್ಟು ಉದ್ದದ ಪ್ರೆಸ್ಸಿನಡಿ ಹಾಕಿ ಒತ್ತಿದರೆ ಒಂದು ಚಪ್ಪಡಿ. ಕ್ರೇನು ಅದನ್ನು ಎತ್ತಿ ನಿಲ್ಲಿಸಿದರೆ ಗೋಡೆ, ಮಲಗಿಸಿದರೆ ಮಹಡಿಯ ನೆಲ. ಪ್ರತಿ ಚಪ್ಪಡಿಯ ಅಂಚಿನಿಂದ ಇಟ್ಟಿಗೆಯಷ್ಟು ದೊಡ್ಡ ತುಂಡೊಂದು ಅವಳ ಕೋಣೆಗೆ ಬರುತ್ತಿತ್ತು. ಅವಳು ಅದನ್ನು ನೀರಲ್ಲಿ ಮುಳುಗಿಸಿ ಉಸಿರು ಕಟ್ಟಿಸುತ್ತಿದ್ದಳು, ಒಲೆಯೊಳಗೆ ಸುಡುಸುಡು ಒಣಗಿಸುತ್ತಿದ್ದಳು, ಆಮೇಲೆ ಉಳಿಯಿಟ್ಟು ಸೀಳುತ್ತಿದ್ದಳು.

“ಒದ್ದು ಬಾಯಿ ಬಿಡಿಸೋ ಪೊಲೀಸ್ನೋಳು ನಮ್ಮ ಉಳಿಯಕ್ಕ. ಮರಾನೂ ಬಿಡಲ್ಲ,” ಎಂದು ಕ್ರೇನಿನವನು ನಗುತ್ತಿದ್ದ.

ತುಂಡು ಸೋತರೆ ಚಪ್ಪಡಿ ಸತ್ತಂತೆ. ಸತ್ತ ಚಪ್ಪಡಿಯನ್ನು ತುಂಡು ಸೀಳಿದವಳೇ ಕೊಯ್ಯಬೇಕು. ಅದೂ ಅಂಗಳದ ನಡುವೆ, ಮಾಡಿದವರ ಕಣ್ಣೆದುರಿಗೆ. ಕದ್ದು ಮಾರುವ ಆಸೆ ಯಾರಿಗೂ ಹುಟ್ಟದಿರಲಿ, ಮಾಡಿದವರ ಹೊಟ್ಟೆ ಒಂದಿಷ್ಟು ಉರಿಯಲಿ ಎಂದು ಹಳಬರು ಇಟ್ಟುಹೋದ ಪದ್ಧತಿ. ಚೈನ್ ಗರಗಸ ಚಪ್ಪಡಿಯ ಹೊಟ್ಟೆಗೆ ಇಳಿಯುವಾಗ ಗಟ್ಟಿ ಗಂಡಸರು ಮುಖ ತಿರುಗಿಸಿಕೊಂಡದ್ದನ್ನು ಅವಳು ಕಂಡಿದ್ದಳು.

ಅವಳ ಬದುಕಿನಲ್ಲಿ ಮರಕ್ಕಿಂತ ಮೊದಲು ಬಂದದ್ದು ಏಟು. ಅಪ್ಪ ಮರ ಕೊಯ್ಯುವ ಮಿಲ್ಲಿನವನು. ಗರಗಸ ಅವನ ಬಲಗೈಯ ಎರಡು ಬೆರಳು ತಿಂದ ಮೇಲೆ ಮಿಲ್ಲು ಅವನನ್ನು ಹೊರಗೆ ಹಾಕಿತು. ಅವನು ಮಿಲ್ಲಿನ ಮೇಲಿನ ಸಿಟ್ಟನ್ನು ಹೊತ್ತು ಮನೆಗೆ ತಂದ. ಉಳಿದ ಮೂರು ಬೆರಳಲ್ಲಿ ಹೊಡೆದರೂ ಕೆನ್ನೆಯ ಮೇಲೆ ಐದೂ ಮೂಡುತ್ತಿದ್ದವು. ಅಮ್ಮ ಜ್ವರದಲ್ಲಿ ಹೋದ ಮೇಲೆ ಬೆಲ್ಟಿಗೂ ತಮ್ಮನಿಗೂ ನಡುವೆ ಅವಳ ಬೆನ್ನೊಂದೇ ಉಳಿಯಿತು. ತಮ್ಮ ಅವಳ ಹೊಟ್ಟೆಯಡಿ ಮುದುರಿಕೊಂಡು, ಕಣ್ಣು ಮುಚ್ಚದೆ, ಅಪ್ಪನ ಕೈಯನ್ನೇ ನೋಡುತ್ತಿದ್ದ. ಅಳುವುದನ್ನು ಅವನು ಕಲಿಯಲಿಲ್ಲ. ಇನ್ನೊಂದನ್ನು ಕಲಿತ.

ಅವಳು ಮದುವೆಯಾದದ್ದು ಲಾರಿ ಓಡಿಸುವವನೊಬ್ಬನನ್ನು. ಅವನು ಮೊದಲು ಕೈ ಎತ್ತಿದ ದಿನ ಮೈಮರೆತು ಹೊಡೆದ ಎಂದುಕೊಂಡಳು. ಆಮೇಲೆ ಅದು ಮರೆವಲ್ಲ, ರೂಢಿ ಎಂದು ತಿಳಿಯಿತು. ಒಂದು ಸಂಜೆ ಅವಳ ಕೈಗೂ ಕೊಡತಿ ಸಿಕ್ಕಿತು. ಗಂಡನ ಹೆಗಲ ಮೂಳೆ ಮುರಿದ ಸದ್ದು ಬೀದಿಯ ಆ ಕೊನೆಗೂ ಕೇಳಿಸಿತಂತೆ. “ಚೆನ್ನಾಗಿ ಒಣಗಿದ ಮರ ಆಗಿತ್ತು ಬಿಡಿ,” ಎಂದು ವರ್ಷಗಳಾದ ಮೇಲೆ ಅವಳೇ ತಮಾಷೆ ಮಾಡುತ್ತಿದ್ದಳು. ನಗುವಾಗ ಕೈ ಮಾತ್ರ ತಾನಾಗಿ ಕಿವಿಯ ಹಿಂದಿನ ಹಳೆಯ ಹೊಲಿಗೆಯ ಗುರುತಿಗೆ ಹೋಗುತ್ತಿತ್ತು.

ಗಂಡನನ್ನು ಬಿಟ್ಟು ಕಾರ್ಖಾನೆಗೆ ಸೇರಿದ ಮೇಲೆ ತಮ್ಮನನ್ನೂ ಕರೆತಂದಳು. ಅವನು ಚುರುಕು. ಹಲಗೆ ಹೊರುತ್ತಿದ್ದವನು ನೋಡನೋಡುತ್ತಲೇ ಪ್ರೆಸ್ಸಿನ ಮೇಸ್ತ್ರಿಯಾದ. ಅವನ ಕೈಕೆಳಗಿನವರು ಅವನಿಗೆ ಹೆದರುತ್ತಿದ್ದರು, ಹೆದರಿಕೆ ಅವನಿಗೆ ಗೌರವದಂತೆ ಕಾಣುತ್ತಿತ್ತು.

ಅದು ಒಳ್ಳೆಯ ಕಾಲ. ಮರದ ಕಟ್ಟಡಗಳ ಹುಚ್ಚು ಎಲ್ಲರಿಗೂ ಹತ್ತಿ ನದಿಯ ರಸ್ತೆಯಲ್ಲಿ ಇಂಥ ಮೂರು ಕಾರ್ಖಾನೆಗಳು ಎದ್ದಿದ್ದವು. ಸಿಮೆಂಟಿನ ಕಾಲ ಮುಗಿಯಿತು ಎಂದು ದೊಡ್ಡವರು ಬಂದು ಭಾಷಣ ಮಾಡಿದರು. ಬೇಡಿಕೆ ಬರುವ ಮೊದಲೇ ಯಂತ್ರಗಳು ಬಂದವು. ಆಮೇಲೆ ಬಡ್ಡಿ ಏರಿತು, ಕಟ್ಟಿಸುವವರು ಕೈಕಟ್ಟಿ ಕುಳಿತರು, ಮರದ ಮನೆ ಎಂದರೆ ವಿಮೆಯವರು ಮೂಗು ಮುರಿದರು. ಎಲ್ಲೋ ದೂರದಲ್ಲಿ ಕಟ್ಟುತ್ತಿದ್ದ ಮಹಡಿಯೊಂದರ ಚಪ್ಪಡಿ ಪದರ ಬಿಟ್ಟು, ಸೀಳಿದ ತುಟಿಯಂತೆ ಜೋತುಬಿದ್ದ ಚಿತ್ರ ಎಲ್ಲರ ಫೋನಿನಲ್ಲೂ ಓಡಾಡಿತು. ಮೊದಲ ಕಾರ್ಖಾನೆಗೆ ಬೀಗ ಬಿತ್ತು. ಎರಡನೆಯದರ ಪ್ರೆಸ್ಸನ್ನು ಗುಜರಿಯವರು ಕೊರೆದು ಕೊರೆದು ಒಯ್ದರು. ಉಳಿದದ್ದು ಇದೊಂದು. ಇಲ್ಲೂ ಎರಡು ಪ್ರೆಸ್ಸುಗಳಲ್ಲಿ ಒಂದು ತಾಡಪಾಲು ಹೊದ್ದು ಮಲಗಿತ್ತು. ಈ ಗೇಟಿನಿಂದ ಹೊರಬಿದ್ದವನಿಗೆ ಈ ಕಸುಬಿನಲ್ಲಿ ಇನ್ನೊಂದು ಗೇಟು ಇರಲಿಲ್ಲ.

ಮಲಗಿದ ಪ್ರೆಸ್ಸಿನಲ್ಲಿ ಕೆಲಸ ಕಳೆದುಕೊಂಡವರು ದಿನಾ ಬೆಳಿಗ್ಗೆ ಬಂದು ಗೇಟಿನ ಹೊರಗೆ ನಿಲ್ಲುತ್ತಿದ್ದರು. ಮೊದಮೊದಲು ಸುಮ್ಮನೆ ನಿಂತರು. ಆಮೇಲೆ ಕೂಗಿದರು. ಆಮೇಲೆ ಕಲ್ಲು ಬಂದವು. ಶಾಲೆಯೊಂದರ ಮಹಡಿಗೆ ಬೇಕಾದ ದೊಡ್ಡ ಆರ್ಡರು ಕೈಯಲ್ಲಿತ್ತು. ಅದು ಸರಿಯಾಗಿ ಹೋದರೆ ತಾಡಪಾಲು ತೆಗೆಯುತ್ತೇನೆ, ಹೊರಗಿನವರನ್ನೂ ಒಳಗೆ ಕರೆಯುತ್ತೇನೆ ಎಂದು ಯಜಮಾನರು ಹೇಳಿದ್ದರು. ಒಳಗಿನವರು ಅದೇ ಮಾತನ್ನು ಜಪಿಸುತ್ತ ಕೆಲಸ ಮಾಡುತ್ತಿದ್ದರು. ಮೇಜಿನ ಮೇಲೆ ಈಗ ಎರಡಾಗಿ ಬಿದ್ದಿದ್ದದ್ದು ಅದೇ ಮಹಡಿಯ ತುಂಡು.

ಉಳಿಯಕ್ಕ ಒಂದು ಹೋಳನ್ನು ಎತ್ತಿ ದೀಪದ ಕೆಳಗೆ ಹಿಡಿದಳು.

ಹಸಿ ಮರವಾಗಿದ್ದರೆ ಅಂಟು ನೀರು ಕುಡಿದು ನೊರೆನೊರೆಯಾಗಿ ಪೇಲವವಾಗಿ ಹರಡಿರುತ್ತದೆ. ಇದು ಹಾಗಿರಲಿಲ್ಲ. ಅಂಟಿನ ಮೇಲೆ ತೆಳ್ಳನೆಯ ಚರ್ಮ ಕಟ್ಟಿತ್ತು, ಆರಿದ ಹಾಲಿನ ಮೇಲೆ ಕೆನೆ ಕಟ್ಟುವಂತೆ. ಬೆರಳಾಡಿಸಿದರೆ ನುಣ್ಣಗೆ, ಗಾಜಿನಂತೆ. ಅಂಟು ಸುರಿದು, ಒತ್ತದೆ, ಯಾರೋ ಅದನ್ನು ಗಾಳಿಗೆ ಬಿಟ್ಟು ಹೋಗಿದ್ದರು.

ಅಂಟು ಬಿದ್ದ ಮೇಲೆ ಕೈ ನಿಲ್ಲಬಾರದು. ಪ್ರೆಸ್ಸಿನವರಿಗೆ ಅದು ಉಸಿರಿನಂಥ ನಿಯಮ. ಮನೆಯಿಂದ ಸಾವಿನ ಸುದ್ದಿ ಬಂದರೂ ಬಾಗಿಲಲ್ಲೇ ಕಾಯಿಸಿ, ಒತ್ತಿ ಮುಗಿಸಿ, ಆಮೇಲೆ ಹೇಳುತ್ತಿದ್ದರು. ನಿಂತುಹೋದರೆ ಇಡೀ ರಾಶಿಯನ್ನು ಕಿತ್ತು ಎಸೆಯಬೇಕು. ಎಸೆಯದೆ ಒತ್ತಿದರೆ ಹೊರಗಿನಿಂದ ನೋಡಲು ಚಪ್ಪಡಿ ಚೊಕ್ಕವಾಗಿಯೇ ಇರುತ್ತದೆ.

ಮೊನ್ನೆಯ ಗಲಾಟೆ ಅವಳಿಗೆ ಅರ್ಧ ಗೊತ್ತಿತ್ತು. ಗೇಟಿನ ಹೊರಗಿನವರಲ್ಲಿ ಒಬ್ಬ, ಒಂದು ಕಾಲಕ್ಕೆ ತಮ್ಮನ ಜೊತೆ ಒಂದೇ ತಟ್ಟೆಯಲ್ಲಿ ಉಂಡವನು, ಸರಳುಗಳ ಸಂದಿಯಿಂದ ಕೂಗಿದ್ದ: “ಅಕ್ಕನ ಬೆನ್ನ ಹಿಂದೆ ಅವಿತ್ಕೊಂಡು ಕೆಲಸ ಉಳಿಸ್ಕೊಂಡೋನೇ! ಗಂಡಸಾದ್ರೆ ಹೊರಗೆ ಬಾರೋ!” ತಮ್ಮ ಒಂದು ಮರದ ರೀಪು ಎತ್ತಿಕೊಂಡು ಹೊರಗೆ ಹೋಗಿದ್ದ. ಅವನ ಹಿಂದೆ ಇಡೀ ಪಾಳಿ ಓಡಿತ್ತು. ಸದ್ದು ಕೇಳಿ ಅವಳು ಕೋಣೆಯಿಂದ ಬರುವಷ್ಟರಲ್ಲಿ ಎಲ್ಲ ಮುಗಿದಿತ್ತು. ಆ ಹಳೆಯ ಗೆಳೆಯ ಮಣ್ಣಲ್ಲಿ ಮಂಡಿಯೂರಿ, ಜಾರಿದ ದವಡೆಯನ್ನು ಎರಡೂ ಕೈಯಲ್ಲಿ ಹಿಡಿದುಕೊಂಡು, ಹೆಸರಿಲ್ಲದ ಪ್ರಾಣಿಯ ಹಾಗೆ ಕೂಗುತ್ತಿದ್ದ. ತಮ್ಮನನ್ನು ಹೆಗಲ ಮೇಲೆ ಕೂರಿಸಿಕೊಂಡು ಅವನ ಕಡೆಯವರು ಒಳಗೆ ಬರುತ್ತಿದ್ದರು. ರೀಪಿನ ತುದಿಯಲ್ಲಿ ಕೂದಲು ಅಂಟಿತ್ತು. ಆ ಹೊತ್ತಿಗೆ ಪ್ರೆಸ್ಸಿನ ಮೇಜಿನ ಮೇಲೆ ಅಂಟು ಸುರಿದ ಹಲಗೆಗಳು ಬಾಯಿ ತೆರೆದು ಬಿದ್ದಿದ್ದವು ಎಂಬ ಇನ್ನರ್ಧ ಅವಳಿಗೆ ಈಗ, ಈ ಹೋಳಿನ ಮೇಲೆ, ಕಾಣುತ್ತಿತ್ತು.

ಅಂಗಳದಿಂದ ಕಿರುಚಾಟ ಕೇಳಿತು. ಹೋಳನ್ನು ಜೇಬಿಗೆ ಹಾಕಿಕೊಂಡು, ಕೊಡತಿ ಕೈಯಲ್ಲಿದೆ ಎಂಬುದನ್ನೂ ಮರೆತು, ಅವಳು ಓಡಿದಳು.

ಹಲಗೆ ಒಣಗಿಸುವ ಗೂಡನ್ನು ನೋಡಿಕೊಳ್ಳುತ್ತಿದ್ದ ಮುದುಕನನ್ನು ಎಲ್ಲರೂ ಗೂಡಿನಜ್ಜ ಎನ್ನುತ್ತಿದ್ದರು. ಸಣಕಲು ಆಳು, ಬಿಸಿಗೆ ಬೆಂದು ಬೆಂದು ಹುಬ್ಬಿನ ಕೂದಲು ಉದುರಿಹೋಗಿತ್ತು. ತಮ್ಮ ಅವನನ್ನು ಕತ್ತುಪಟ್ಟಿ ಹಿಡಿದು ಗೂಡಿನೊಳಗಿಂದ ದರದರ ಎಳೆದು ಅದರ ಬಾಗಿಲ ಮುಂದೆ ತಂದು ನಿಲ್ಲಿಸಿದ್ದ.

“ಹಸಿ ಹಲಗೆ ಕೊಡ್ತೀಯ? ನಮ್ಮ ಅನ್ನಕ್ಕೆ ಮಣ್ಣು ಹಾಕ್ತೀಯ?”

“ಇಲ್ಲ ಕಣಪ್ಪ... ನಾನು ಎರಡೆರಡು ಸಲ ನೋಡಿ...”

ಮಾತು ಮುಗಿಯಲಿಲ್ಲ. ತಮ್ಮನ ಮುಷ್ಟಿ ಅಜ್ಜನ ಬಾಯಿಯ ಮೇಲೆ ಬಿತ್ತು. ಅಜ್ಜ ಹಿಂದಕ್ಕೆ ಹಾರಿ ಗೂಡಿನ ಕಬ್ಬಿಣದ ಬಾಗಿಲಿಗೆ ಬಡಿದ. ಬಿಸಿ ಕಬ್ಬಿಣ ಅಂಗೈ ಸುಟ್ಟಿತು, ಅವನು ಕೂಗಿಕೊಂಡು ಮುಂದಕ್ಕೆ ಬಿದ್ದ, ಮುಂದೆ ಮತ್ತದೇ ಮುಷ್ಟಿ ಕಾದಿತ್ತು. ತಮ್ಮ ಅವನನ್ನು ಬೀಳಲೂ ಬಿಡದೆ ಎಡಗೈಯಲ್ಲಿ ಎತ್ತಿ ಹಿಡಿದು ಬಲಗೈಯಲ್ಲಿ ಹೊಡೆದ. ಸುತ್ತ ನಿಂತವರಲ್ಲಿ ಕೆಲವರು “ಹಾಕು, ಇನ್ನೊಂದು ಹಾಕು” ಎಂದರು. ಗೂಡಿನ ಕೆಲಸದವರು ಕಬ್ಬಿಣದ ಕೊಕ್ಕೆಗಳನ್ನು ಹಿಡಿದು ಬಂದರು. ಪ್ರೆಸ್ಸಿನವರು ರೀಪುಗಳನ್ನು ಎತ್ತಿಕೊಂಡರು. ಯಾರ ಕೈಯಾದರೂ ಒಂದಿಷ್ಟು ಅಲುಗಿದರೆ ಹೆಣ ಬೀಳುವುದಿತ್ತು.

“ನಿಲ್ಲಿಸ್ರೋ!”

ಯಜಮಾನರು ಆಫೀಸಿನ ಮೆಟ್ಟಿಲಿಳಿದು ಬಂದರು. ಒಂದು ವರ್ಷದಲ್ಲಿ ಹತ್ತು ವರ್ಷ ಮುದುಕರಾದ ಮನುಷ್ಯ. ಅವರು ಯಾರನ್ನೂ ಬೈಯಲಿಲ್ಲ. ನೇರ ಉಳಿಯಕ್ಕನ ಮುಂದೆ ಬಂದು ನಿಂತರು.

“ತುಂಡು ಸೋತಿತಾ?”

“ಸೋತಿದೆ.”

“ಮೊನ್ನೆಯದು ಪೂರ್ತಿ ಹೋಯ್ತು ಹಾಗಾದ್ರೆ.” ಅವರು ಅಂಗಳದಲ್ಲಿ ಪೇರಿಸಿಟ್ಟ ಚಪ್ಪಡಿಗಳ ಕಡೆ ನೋಡಿದರು, ಸಾಲಾಗಿ ಮಲಗಿಸಿದ ಹೆಣಗಳನ್ನು ನೋಡುವಂತೆ. “ಗೂಡಿಂದೋ, ಪ್ರೆಸ್ಸಿಂದೋ? ಅದೊಂದು ಹೇಳಮ್ಮ. ಯಾರ ತಪ್ಪೋ ಅವರು ಇವತ್ತೇ ಈ ಗೇಟು ದಾಟಬೇಕು. ಶಾಲೆಯೋರಿಗೆ ನಾನು ಮುಖ ತೋರಿಸಬೇಕಲ್ಲ.”

“ಗೂಡಿಂದೇ ಸಾರ್, ಇನ್ಯಾರ್ದು!” ತಮ್ಮ ಕೂಗಿದ. ಅವನ ಉಸಿರು ಬುಸುಗುಡುತ್ತಿತ್ತು, ಕಣ್ಣು ಮಾತ್ರ ಅಕ್ಕನ ಮೇಲೆ ಇತ್ತು. ಆ ಕಣ್ಣು ಅವಳಿಗೆ ಗೊತ್ತು. ಬೆಲ್ಟು ಕೆಳಗಿಳಿಯುವ ಮೊದಲು ಅವನು ಹಾಗೆಯೇ ನೋಡುತ್ತಿದ್ದ.

ಗೂಡಿನಜ್ಜ ನೆಲದಲ್ಲಿ ಕುಳಿತು ಬಾಯಿಂದ ಏನನ್ನೋ ತೆಗೆದು ಅಂಗೈಯಲ್ಲಿಟ್ಟು ನೋಡುತ್ತಿದ್ದ. ಹಲ್ಲು. ಅವನ ಮುಖದಲ್ಲಿ ಸಿಟ್ಟಿರಲಿಲ್ಲ, ಅನುಮಾನವಿತ್ತು. ಹೊಡೆತ ತಿಂದು ತಿಂದು, ತಾನೇ ಎಲ್ಲೋ ತಪ್ಪಿರಬಹುದು ಎಂದು ನಂಬಲು ಶುರುಮಾಡಿದ ಮನುಷ್ಯನ ಮುಖ. ಉಳಿಯಕ್ಕನಿಗೆ ಆ ಮುಖವೂ ಗೊತ್ತಿತ್ತು. ಎಷ್ಟೋ ಬೆಳಿಗ್ಗೆ ಕನ್ನಡಿಯಲ್ಲಿ ಕಂಡಿದ್ದಳು.

ಅವಳು ಜೇಬಿನಿಂದ ಹೋಳನ್ನು ತೆಗೆದಳು.

“ಮರ ಒಣಗಿದೆ. ಅಂಟು ಕೆನೆ ಕಟ್ಟಿದೆ,” ಎಂದಳು. ಹೋಳನ್ನು ಯಜಮಾನರ ಮುಂದೆ ಹಿಡಿದಳು. “ಪ್ರೆಸ್ಸಿಂದು.”

ಯಜಮಾನರು ಹೋಳನ್ನು ತೆಗೆದುಕೊಂಡು ಹೆಬ್ಬೆರಳಿನಿಂದ ಉಜ್ಜಿದರು. ಆಮೇಲೆ ಪ್ರೆಸ್ಸಿನವರ ಕಡೆ ತಿರುಗಿದರು. “ಅಂಟು ಬಿದ್ದ ಮೇಲೆ ಬಿಟ್ಟು ಹೋದ್ರಾ?”

ಮೊನ್ನೆ ತಮ್ಮನನ್ನು ಹೆಗಲ ಮೇಲೆ ಹೊತ್ತವನೇ ಮೊದಲು ಬಾಯಿ ಬಿಟ್ಟ. “ಕಿತ್ತು ಎಸೆಯೋಣ ಅಂದ್ವಿ ಸಾರ್. ಇವನೇ, ಸುಮ್ನೆ ಒತ್ರೋ, ಯಾರಿಗೆ ಗೊತ್ತಾಗುತ್ತೆ ಅಂದ.”

“ಎತ್ತಿಗೆ ಜ್ವರ ಬಂದ್ರೆ ಎಮ್ಮೆಗೆ ಬರೆ ಹಾಕಿದ್ನಲ್ಲೋ, ಪಾಪಿ!” ಎಂದು ಗೂಡಿನವರಲ್ಲೊಬ್ಬ ಚೀರಿದ.

ಮೊದಲ ಏಟು ಯಾರದ್ದೋ ತಿಳಿಯಲಿಲ್ಲ. ಗೂಡಿನವರು ಒಂದು ಕಡೆಯಿಂದ, ಅವನದೇ ಪಾಳಿಯವರು ಇನ್ನೊಂದು ಕಡೆಯಿಂದ ನುಗ್ಗಿದರು. ತಮ್ಮತಮ್ಮ ತಪ್ಪು ತೊಳೆದುಕೊಳ್ಳಲು ಪಾಳಿಯವರೇ ಹೆಚ್ಚು ಜೋರಾಗಿ ಹೊಡೆದರು. ತಮ್ಮ ಇಬ್ಬರನ್ನು ಕೆಡವಿದ, ಒಬ್ಬನ ಕಿವಿಯನ್ನು ಹಲ್ಲಿನಿಂದ ಹಿಡಿದ, ಆಮೇಲೆ ಕಾಲುಗಳ ಕಾಡಿನೊಳಗೆ ಮುಳುಗಿಹೋದ. ಬೂಟುಗಳು ಮೃದುವಾದ ಯಾವುದಕ್ಕೋ ಬೀಳುವ ಸದ್ದು ಮಾತ್ರ ಬರುತ್ತಿತ್ತು. ಯಜಮಾನರು ಬೇಡ ಬೇಡ ಎನ್ನುತ್ತಿದ್ದರು. ಅವರ ದನಿ ಯಾರಿಗೂ ಬೇಕಿರಲಿಲ್ಲ. ಮೊದಲು ಎತ್ತಿದ ರೀಪು ತಮ್ಮನ ಬೆನ್ನಿನ ಮೇಲೆ ಮುರಿಯಿತು. ಯಾರೋ ಕೊಕ್ಕೆ ಎತ್ತಿದರು.

ಕೊಕ್ಕೆ ಎತ್ತಿದ ಮೊಣಕೈಯ ಮೇಲೆ ಕೊಡತಿ ಬಿತ್ತು.

ಉಳಿಯಕ್ಕ ಗುಂಪಿನೊಳಗೆ ಇಳಿದಿದ್ದಳು. ಅವಳು ಕೂಗಲಿಲ್ಲ. ಕೋಣೆಯಲ್ಲಿ ತುಂಡು ಸೀಳುವಾಗ ಹೊಡೆಯುವಂತೆಯೇ, ಸಂದು ನೋಡಿ, ಅಳೆದು ಹೊಡೆದಳು. ಮೊಣಕೈ, ಮಣಿಕಟ್ಟು, ಮಂಡಿಯ ಚಿಪ್ಪು. ಒಬ್ಬ ಕುಂಟುತ್ತ ಹಿಂದೆ ಸರಿದ, ಇನ್ನೊಬ್ಬ ಬೆರಳು ಹಿಡಿದುಕೊಂಡು ಕುಸಿದ. ಪಕ್ಕದಿಂದ ಬಂದ ಬೂಟೊಂದು ಅವಳ ಪಕ್ಕೆಗೆ ಬಿತ್ತು; ಒಳಗೆ ಒಂದು ಮೂಳೆ ಮುರಿದದ್ದು ಕಿವಿಗೇ ಕೇಳಿಸಿತು. ಅವಳು ಬಿದ್ದಳು, ಎದ್ದಳು, ಬೂಟಿನವನ ಮೀನಖಂಡಕ್ಕೆ ಕೊಡತಿ ಬೀಸಿದಳು. ಅಷ್ಟರಲ್ಲಿ ಕ್ರೇನಿನವನು ಮೇಲಿನಿಂದ ಸರಪಳಿಯ ಭಾರದ ಕೊಂಡಿಯನ್ನು ಜನರ ತಲೆಯ ಮಟ್ಟಕ್ಕೆ ಇಳಿಸಿ ಗಿರ್ರನೆ ತಿರುಗಿಸಿದ. ಗುಂಪು ಚದುರಿತು.

“ಸಾಕು ಮಾಡ್ರಯ್ಯಾ!” ಎಂದು ಅವನು ಮೇಲಿಂದ ಕೂಗಿದ. “ಇನ್ನೂ ಹೊಡೀಬೇಕು ಅನ್ನೋರು ಬನ್ನಿ, ಕೊಂಡಿಗೆ ಸಿಗಿಸಿ ನದಿಗೇ ಇಳಿಸ್ತೀನಿ!”

ಅವಳು ತಮ್ಮನನ್ನು ಕಂಕುಳಲ್ಲಿ ಕೈಹಾಕಿ ಎಳೆದುಕೊಂಡು ಕೋಣೆಗೆ ತಂದಳು. ದಾರಿಯುದ್ದಕ್ಕೂ ಮರದ ಹೊಟ್ಟಿನ ಮೇಲೆ ಅವನ ಹಿಮ್ಮಡಿಗಳು ಎರಡು ಗೆರೆ ಕೊರೆದವು.

ಒಲೆ ಇನ್ನೂ ಬೆಚ್ಚಗಿತ್ತು. ತುಂಡುಗಳನ್ನು ಮುಳುಗಿಸುವ ತೊಟ್ಟಿಯ ನೀರಲ್ಲಿ ಬಟ್ಟೆ ಅದ್ದಿ ಅವಳು ಅವನ ಮುಖ ಒರೆಸಿದಳು. ಒಂದು ಕಣ್ಣು ಮುಚ್ಚಿಹೋಗಿತ್ತು. ಮೇಲ್ತುಟಿ ಸೀಳಿತ್ತು. ಅವಳು ಬಗ್ಗಿದಾಗಲೆಲ್ಲ ಪಕ್ಕೆ ಕುಟುಕುತ್ತಿತ್ತು. ಹಲ್ಲು ಕಚ್ಚಿ, ಗಾಯದ ಅಂಚಿನಿಂದ ಸಿಬಿರುಗಳನ್ನು ಉಗುರಿನಿಂದ ಒಂದೊಂದಾಗಿ ಹೆಕ್ಕಿದಳು. ಅವನ ಗಲ್ಲದ ಕೆಳಗೆ, ಯಾರೂ ಹೊಡೆಯದ ಜಾಗದಲ್ಲಿ, ಚರ್ಮ ಇನ್ನೂ ಮಗುವಿನದರಂತೆ ಮೆತ್ತಗಿತ್ತು.

“ನನ್ನ ಹೆಂಡ್ತಿಗೆ ಏನ್ ಹೇಳ್ಲಿ ನಾನು?” ಎಂದ ಅವನು. ಸೀಳಿದ ತುಟಿಯಿಂದ ಮಾತು ಸೋರುತ್ತಿತ್ತು. “ನೀನೇ ಬಂದು ಹೇಳ್ತೀಯ, ಅತ್ತಿಗೆ ಅಂತ ಕಾಲಿಗೆ ಬೀಳೋಳಿಗೆ?”

“ಬಂದು ಹೇಳ್ತೀನಿ.”

“ಹೇಳ್ತೀಯ ನೀನು. ಹೇಳೋಳೇ.” ಅವನು ಅವಳ ಕಡೆಗೆ ವಾಲಿದ. “ಅಕ್ಕ, ಕೇಳಿಲ್ಲಿ. ಇನ್ನೊಂದು ತುಂಡು ಸೀಳು. ಎರಡನೇದ್ರಲ್ಲಿ ಬೇರೆ ಥರ ಕಾಣ್ತು ಅನ್ನು. ಮರಾನೂ ಒಂಚೂರು ಹಸಿ ಇತ್ತು ಅನ್ನು. ಯಜಮಾನ್ರು ನಿನ್ನ ಮಾತು ಅಂದ್ರೆ ಕಣ್ಮುಚ್ಚಿ ನಂಬ್ತಾರೆ.”

“ಅದಕ್ಕೇ.”

“ಏನ್ ಅದಕ್ಕೇ? ಅಜ್ಜನಿಗೆ ಇನ್ನೆಷ್ಟು ದಿನ? ಇವತ್ತಲ್ಲ ನಾಳೆ ಮನೆಗೆ ಹೋಗೋನೇ.”

“ಅವನ ಹಲ್ಲು ಮುರಿದಿದೀಯ.”

“ಅವನಿಗೆ ಇದ್ದಿದ್ದೇ ನಾಲ್ಕು, ಬಿಡು.”

ಅವಳಿಗೆ ನಗು ಬಂತು. ನಗು ಪಕ್ಕೆಯಲ್ಲಿ ಚೂರಿಯಂತೆ ಆಡಿತು, ಕಣ್ಣಲ್ಲಿ ನೀರು ಬಂತು. ತಮ್ಮನೂ ಊದಿದ ಮುಖದಲ್ಲಿ ನಕ್ಕ, ತುಟಿಯಿಂದ ಮತ್ತೆ ರಕ್ತ ಹನಿಯಿತು. ಅವಳು ನಕ್ಕದ್ದನ್ನು ಅವನು ಒಪ್ಪಿಗೆ ಎಂದುಕೊಂಡ.

“ಮೊನ್ನೆ ನಾನು ಹೋಗ್ದೆ ಇದ್ದಿದ್ರೆ ಅವರು ಗೇಟು ಮುರಿದು ಒಳಗೆ ಬರ್ತಿದ್ರು. ಎಲ್ರಿಗೋಸ್ಕರ ಹೋದೆ. ನಿನ್ನನ್ನೂ ಸೇರಿಸಿ ಬೈದ ಅವನು, ಗೊತ್ತಾ? ನಿನ್ನ ಮಾನಕ್ಕೆ ಹೊಡೆದೆ.”

“ನನ್ನ ಮಾನ ಅಷ್ಟು ದೊಡ್ಡದಾ? ಮಕ್ಕಳು ಓಡಾಡೋ ನೆಲ ಕಣೋ ಅದು.”

“ನೆಲ ಏನೂ ಆಗ್ತಿರ್ಲಿಲ್ಲ. ಹತ್ತು ವರ್ಷ ಏನೂ ಆಗ್ತಿರ್ಲಿಲ್ಲ.”

“ಹನ್ನೊಂದನೇ ವರ್ಷ?”

ಕಿಟಕಿಯ ಆಚೆ ಕ್ರೇನು ಮೊನ್ನೆಯ ಮೊದಲ ಚಪ್ಪಡಿಯನ್ನು ಅಂಗಳದ ನಡುವೆ ತಂದು ಮಲಗಿಸುತ್ತಿತ್ತು. ಕುಂಟುವವರು, ಕೈ ಕಟ್ಟಿಕೊಂಡವರು, ತಲೆಗೆ ಬಟ್ಟೆ ಸುತ್ತಿದವರು ಎಲ್ಲ ಸುತ್ತ ಬಂದು ನಿಲ್ಲುತ್ತಿದ್ದರು. ಗೂಡಿನಜ್ಜ ಒಂದು ಹಲಗೆಯ ರಾಶಿಯ ಮೇಲೆ ಕುಳಿತು, ಸುಟ್ಟ ಅಂಗೈಯನ್ನು ನೀರಿನ ಬಕೆಟ್ಟಿಗೆ ಅದ್ದಿದ್ದ.

“ಕೊಯ್ಯೋಕೆ ಮೊದ್ಲು ಹೇಳ್ಬಿಡು,” ತಮ್ಮ ಅವಳ ಮಣಿಕಟ್ಟು ಹಿಡಿದುಕೊಂಡ. ಮೊದಲು ಮೆತ್ತಗೆ, ಆಮೇಲೆ ಮೂಳೆ ನೋಯುವಷ್ಟು ಬಿಗಿಯಾಗಿ. “ಕೊಯ್ದ ಮೇಲೆ ಮುಗೀತು, ಯಾರೂ ಇನ್ನೊಂದು ತುಂಡು ನೋಡಲ್ಲ. ಒಂದೇ ಒಂದು ಮಾತು, ಅಕ್ಕ. ನೀನು ತಪ್ಪು ನೋಡಿರಬಹುದು ಅಂದ್ರೂ ಸಾಕು. ಎಲ್ರೂ ತಪ್ಪು ಮಾಡ್ತಾರೆ...”

ಅವಳು ಅವನ ಬೆರಳುಗಳನ್ನು ಒಂದೊಂದಾಗಿ ಬಿಡಿಸಿದಳು. ಒದ್ದೆ ಬಟ್ಟೆಯನ್ನು ಆ ಬೆರಳುಗಳ ನಡುವೆ ಇಟ್ಟು, ಅವನ ಕೈಯನ್ನು ಅವನದೇ ತುಟಿಯ ಮೇಲೆ ಒತ್ತಿ ಹಿಡಿಸಿದಳು. ಮೂಲೆಯಿಂದ ಚೈನ್ ಗರಗಸವನ್ನು ಎತ್ತಿಕೊಂಡಳು. ಅದರ ಭಾರಕ್ಕೆ ಪಕ್ಕೆ ಮತ್ತೊಮ್ಮೆ ಹರಿಯಿತು.

“...ಹೊಸಬರು ಮಾಡಿದ್ದು ಅನ್ನು, ಅಂಟೇ ಹಳೇದಿತ್ತು ಅನ್ನು, ಏನಾದ್ರೂ ಅನ್ನು, ಅಕ್ಕಾ, ಇಲ್ಲಿ ಕೇಳು, ನಾನಿನ್ನೂ...”

ಅವಳು ಆಗಲೇ ಹೊಸ್ತಿಲು ದಾಟಿ ಅಂಗಳಕ್ಕೆ ಇಳಿದು ಹೊರಟಿದ್ದಳು.